ಏಳನೇ ಬೆಡ್ಡಿನ ಪಾಲಕ

ನಮ್ಮ ಮೌಶಿ ನಡೆಸುವ ಆಸ್ಪತ್ರೆಯಿಂದ ಇದುವರೆಗೆ ಒಬ್ಬ ಮನುಷ್ಯನೂ ಗುಣವಾಗಿ ಮನೆಗೆ ಹೋಗಿಲ್ಲ. ಆದರೂ ಆಸ್ಪತ್ರೆ ಸದಾ ಭರ್ತಿ! ಬೆಡ್ಡು ಸಿಗದೆ ಒಂದಿಬ್ಬರು ಪೇಶಂಟುಗಳು ಮೆಟ್ಟಿಲ ಮೇಲೆ ಕಾಯುತ್ತಿರುವುದೂ ಉಂಟು. ಇದೆಲ್ಲ ಎಲ್ಲಿ ನಡೆಯುತ್ತಿದೆ ಅಂತೀರಿ? ಬೆಳಗಾವಿಯ ರಾಮತೀರ್ಥ ನಗರದಲ್ಲಿ, ನಾನು ಬೆವರು ಸುರಿಸಿ ಕಟ್ಟಿಸಿದ ಮನೆಯ ತಾರಸಿಯ ಮೇಲೆ. ನನ್ನ ಒಪ್ಪಿಗೆ ಕೇಳಿದಳೇ? ಇಲ್ಲ. ಇದನ್ನು ಬರೆಯುವುದಕ್ಕೆ ನಾನೂ ಆಕೆಯ ಒಪ್ಪಿಗೆ ಕೇಳಿಲ್ಲ. ಅಲ್ಲಿಗೆ ಸರಿಹೋಯಿತು.

ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಡೀ ಆಯುಷ್ಯ ನರ್ಸ್ ಆಗಿ ದುಡಿದವಳು. ಮದುವೆಯಾಗಲಿಲ್ಲ. ಗಂಡಸರ ವಾರ್ಡಿನಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ ಆ ಆಸೆ ಉಳಿಯಲಿಲ್ಲ ಎನ್ನುತ್ತಾಳೆ. ನಿವೃತ್ತಿಯಾದ ಮರುದಿನ ಒಂದು ಕಬ್ಬಿಣದ ಟ್ರಂಕು, ಒಂದು ಭೂತಗನ್ನಡಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪಾಪ, ದಣಿದಿದ್ದಾಳೆ, ಇನ್ನಾದರೂ ಸುಮ್ಮನೆ ಕೂಡಲಿ ಎಂದುಕೊಂಡೆವು. ಕೂಡುವುದೆಂದರೇನು ಎಂಬುದೇ ಆಕೆಗೆ ಗೊತ್ತಿರಲಿಲ್ಲ! ಹದಿನೈದು ದಿನಗಳಲ್ಲಿ ತಾರಸಿಯ ತುಂಬ ಬಿಳಿ ಪೈಪುಗಳು ಮಲಗಿದವು. ಶಹಾಪುರದಲ್ಲಿ ಮಗ್ಗ ರಿಪೇರಿ ಮಾಡುವ ಚಾಚಾ ಒಬ್ಬರು ಬಂದು ಪೈಪಿಗೆ ಸಾಲಾಗಿ ತೂತು ಕೊರೆದರು, ಮೋಟಾರು ಕೂಡಿಸಿದರು. ತೂತಿಗೊಂದು ಸಸಿ. ಮಣ್ಣಿನ ಹೆಸರಿಲ್ಲ. ಬೇರು ನೀರಿನಲ್ಲಿ ತೇಲುತ್ತದೆ, ಗೊಬ್ಬರವೆಲ್ಲ ಆ ನೀರಿನಲ್ಲೇ ಕರಗಿರುತ್ತದೆ.

ಆ ನೀರಿಗೆ ಮೌಶಿ ಸಲಾಯಿನ್ ಎನ್ನುತ್ತಾಳೆ. ಪೈಪಿನ ಸಾಲುಗಳಿಗೆ ಬೆಡ್ ನಂಬರ್ ಹಾಕಿದ್ದಾಳೆ. ಪ್ರತಿ ಬೆಡ್ಡಿನ ಕಾಲಬುಡಕ್ಕೆ ರಟ್ಟಿನ ಮೇಲೊಂದು ಕೇಸ್ ಪೇಪರ್. ಮೇಲೆ ಪೇಶಂಟಿನ ಹೆಸರು, ಕೆಳಗೆ ತಾರೀಖು, ಲಕ್ಷಣ, ಕೊಟ್ಟ ಔಷಧ, ಸಹಿ. ಬೆಳಿಗ್ಗೆ ಏಳಕ್ಕೆ ರೌಂಡ್ಸು. ಭೂತಗನ್ನಡಿ ಹಿಡಿದು ಒಂದೊಂದು ಎಲೆಯನ್ನೂ ಮಗುಚಿ ನೋಡಿ, "ಹ್ಞೂಂ" ಅನ್ನುತ್ತ ಮುಂದೆ ಸಾಗುತ್ತಾಳೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಎಷ್ಟೋ ಸಾಮ್ರಾಜ್ಯಗಳ ದಬ್ಬಾಳಿಕೆಯ ಬಗ್ಗೆ ಪಾಠ ಹೇಳಿದ್ದೇನೆ. ಆದರೆ ಒಂದು ಒದ್ದೆ ಅಂಗಿಯನ್ನು ಒಣಹಾಕಲು ಸ್ವಂತ ತಾರಸಿಗೆ ಹೋದವನಿಗೆ ಹೀಗಾದದ್ದನ್ನು ಎಲ್ಲೂ ಓದಿರಲಿಲ್ಲ:

"ವಿಜಿಟಿಂಗ್ ಟೈಮ್ ನಾಕರಿಂದ ಆರು. ಈಗ ಯಾಕ ಬಂದಿ?"

"ಅಂಗಿ ಒಣಗ ಹಾಕಾಕ ಬಂದೀನಿ ಮೌಶಿ."

"ಪೇಶಂಟ್ ಮ್ಯಾಲ ನೆಳ್ಳ ಬೀಳತೈತಿ. ಒಂದಿನ ಹಸಿ ಇದ್ರ ನಿನ್ನ ಅಂಗಿ ಏನ್ ಸಾಯೂದಿಲ್ಲ. ನಡಿ ಕೆಳಗ!"

ಹೇಳಿ, ನ್ಯಾಯವೇ ಇದು? ಅಂದಿನಿಂದ ನಮ್ಮ ಮನೆಯ ಬಟ್ಟೆಗಳು ಹಾಲಿನ ಫ್ಯಾನಿನ ಕೆಳಗೆ ಒಣಗುತ್ತಿವೆ. ಬಂದ ನೆಂಟರು ನನ್ನ ಬನಿಯನ್ನುಗಳನ್ನು ಸರಿಸಿಕೊಂಡು ಚಹಾ ಕುಡಿಯುತ್ತಾರೆ.

ಆಕೆಯ ಹತ್ತಿರ ಯಾವ ಮಾತೂ ನೇರವಾಗಿ ಮುಗಿಯುವುದಿಲ್ಲ. ಒಮ್ಮೆ, "ಮೌಶಿ, ಊಟಕ್ಕ ಬರತೀಯೇನ?" ಎಂದು ಕೇಳಲು ಹೋದೆ. ನನ್ನ ಕೈಗೊಂದು ಎಲೆ ಕೊಟ್ಟು, "ಏನಾಗೈತಿ ಹೇಳು" ಎಂದಳು.

"ಹಳದಿ ಆಗೈತಿ."

"ಅದು ಕುರುಡರಿಗೂ ಕಾಣತೈತಿ! ಮೊದಲ ಎಲಿ ಹಳೇದೋ ಹೊಸಾದೋ ನೋಡು. ಹೊಸಾ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳದ್ರ ಕಬ್ಬಿಣ ಕಡಿಮಿ. ಕೆಳಗಿನ ಹಳೇ ಎಲಿ ಪೂರಾ ಹಳದಿ ಆದ್ರ ನೈಟ್ರೋಜನ್ ಕಡಿಮಿ. ಉಂಗರದಾಗ ಉಂಗರ ಇಟ್ಟಂಗ ಚುಕ್ಕಿ ಬಿದ್ರ ಅದು ಹಸಿವಲ್ಲ, ಬ್ಯಾನಿ. ಹಸಿವಿಗಿ ಊಟ, ಬ್ಯಾನಿಗಿ ಔಷಧ. ಅದಲಿ ಬದಲಿ ಮಾಡಿದಿ ಅಂದ್ರ ಪೇಶಂಟ್ ಖಲಾಸ್!"

ಕೆಳಗೆ ನನ್ನ ಊಟ ಆರಿ ತಣ್ಣಗಾಯಿತು. ನನ್ನದು ಹಸಿವೋ ಬೇನೆಯೋ ಎಂದು ಕೇಳುವವರು ಯಾರೂ ಇರಲಿಲ್ಲ.

ಉಂಗರದಾಗ ಉಂಗರ ಎಂದಳಲ್ಲ, ಆ ಚುಕ್ಕೆ ಒಂದು ದಿನ ಎರಡನೇ ಬೆಡ್ಡಿನ ಟೊಮೇಟೊಗೆ ಬಿದ್ದೇಬಿಟ್ಟಿತು. ಬೂಷ್ಟಿನ ರೋಗವಂತೆ, ಒಂದರಿಂದ ಒಂದಕ್ಕೆ ಹರಡುತ್ತದಂತೆ. ಕೂಡಲೇ ಐಸೋಲೇಶನ್ ಆಗಬೇಕು! ತಾರಸಿಯಲ್ಲಿ ಬೇರೆ ಕೋಣೆ ಇಲ್ಲ. ಮಾರನೆಯ ದಿನ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿ ತಿರುಗಿದರೆ, ಬಚ್ಚಲುಮನೆಯ ಕಿಟಕಿಯ ಕೆಳಗೆ ಬಕೀಟಿನಲ್ಲಿ ಟೊಮೇಟೊ ಗಿಡ ನಿಂತಿದೆ! ಟವೆಲ್ ಸುತ್ತಿಕೊಂಡು ಹೊರಗೆ ಬಂದು ಕೂಗಾಡಿದೆ.

"ಯಾಕ ಒದರತಿ? ಅದಕ್ಕೇನ ಕಣ್ಣ ಅದಾವು?" ಎಂದಳು ಮೌಶಿ. "ಒಂದ ಮಾತ ನೆನಪಿಡು. ಬಿಸಿನೀರ ಸುರುವಬ್ಯಾಡ. ಹಬಿ ಎದ್ರ ಬ್ಯಾನಿ ಹೆಚ್ಚಾಗತೈತಿ."

ಡಿಸೆಂಬರ್ ತಿಂಗಳು! ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಒಂಬತ್ತು ದಿನ ತಣ್ಣೀರು! ಮೌಶಿ ಕೆಟ್ಟ ಎಲೆಗಳನ್ನು ಕತ್ತರಿಸಿದಳು, ಔಷಧ ಹೊಡೆದಳು, ಗಾಳಿಯಾಡಲೆಂದು ಕಿಟಕಿಯನ್ನು ಹಗಲೆಲ್ಲ ತೆರೆದಿಟ್ಟಳು. ಹತ್ತನೆಯ ದಿನ ಟೊಮೇಟೊ ಗುಣವಾಗಿ ಡಿಸ್ಚಾರ್ಜ್ ಆಯಿತು. ಅದೇ ದಿನ ನಾನು ನೆಗಡಿ, ಜ್ವರ ಎಂದು ಹಾಸಿಗೆ ಹಿಡಿದೆ. ಮೌಶಿ ಬಂದು ನನ್ನ ಹಣೆ ಮುಟ್ಟಿ ನೋಡಿ ನನ್ನ ಹೆಂಡತಿಗೆ ಹೇಳಿದಳು: "ಇವಂಗ ಒಂದ ವಾರ ಮ್ಯಾಲ ಗಚ್ಚಿಗಿ ಬಿಡಬ್ಯಾಡವಾ. ಈಗಷ್ಟ ಟೊಮೇಟೊ ಚೇತರಿಸಿಕೊಳ್ಳಾಕತ್ತೈತಿ."

ಹೆಂಡತಿ ಹೂಂ ಅಂದಳು! ಅವಳೂ ಆ ಕಡೆಯವಳೇ.

ಇಷ್ಟೆಲ್ಲ ಪೇಶಂಟುಗಳ ನಡುವೆ ನಮ್ಮ ಮನೆಯಲ್ಲಿ ನಿಜವಾದ ಪೇಶಂಟು ಒಬ್ಬರೇ. ನನ್ನ ಅವ್ವ. ಎರಡು ವರ್ಷಗಳಿಂದ ಕಿಡ್ನಿ ತೊಂದರೆ. ಡಾಕ್ಟರು ಪಥ್ಯದ ಒಂದು ಅಚ್ಚಿನ ಹಾಳೆ ಕೊಟ್ಟಿದ್ದಾರೆ. ಮೌಶಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ, ಟೊಮೇಟೊ ಇಲ್ಲ. ಎಲ್ಲಕ್ಕಿಂತ ದೊಡ್ಡ ಶಿಕ್ಷೆ, ತಪ್ಪಲಪಲ್ಯ ಇಲ್ಲ. ಅವ್ವ ಖಾನಾಪುರದ ಕಡೆಯ ಒಕ್ಕಲುತನದ ಮನೆಯವಳು. ರೊಟ್ಟಿಯ ಜೊತೆಗೆ ಮೆಂತ್ಯವೋ ಪಾಲಕವೋ ರಾಜಗಿರಿಯೋ ಇಲ್ಲದಿದ್ದರೆ ಅದನ್ನು ಆಕೆ ಊಟವೆಂದು ಒಪ್ಪಿದವಳೇ ಅಲ್ಲ. ಬೇಯಿಸಿ ನೀರು ಬಸಿದು ಕೊಟ್ಟರೆ ಸ್ವಲ್ಪ ತಿನ್ನಬಹುದು ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಮಾಡಿ ಕೊಟ್ಟೆವು. ಅವ್ವ ಬೆರಳಲ್ಲಿ ಎತ್ತಿ ನೋಡಿ, "ಇದ ಪಲ್ಯ ಏನ? ಒಗದ ಹಿಂಡಿದ ಅರಿವಿ ಇದು" ಎಂದು ತಾಟನ್ನು ಬಾಜುಕ್ಕೆ ಸರಿಸಿದಳು. ಆಮೇಲೆ ಕೇಳಲೂ ಇಲ್ಲ. ಸಂತೆಯ ದಿನ ತಪ್ಪಲ ಮಾರುವವಳು ಓಣಿಯಲ್ಲಿ ಕೂಗಿಕೊಂಡು ಹೋದರೆ ಟಿ.ವಿ. ಸಪ್ಪಳ ದೊಡ್ಡದು ಮಾಡುತ್ತಿದ್ದಳು. ಅವಳ ಊಟ ಅರ್ಧ ರೊಟ್ಟಿಗೆ ಇಳಿದಿತ್ತು.

ಆ ಹಾಳೆಯಲ್ಲಿ ಯಾಕೆ ಬೇಡ ಎಂದೂ ಬರೆದಿತ್ತು. ನಾನು ಓದಲಿಲ್ಲ. ಮನೆಯಲ್ಲೇ ಸಿಸ್ಟರ್ ಇರುವಾಗ ನಾನ್ಯಾಕೆ ಓದಲಿ?

ನನ್ನ ಸಿಟ್ಟಿಗೆ ಅಸಲು ಕಾರಣ ಇದೇ. ಅಕ್ಕ ಕೆಳಗೆ ಅರ್ಧ ರೊಟ್ಟಿ ಮುರಿಯುತ್ತ ಕೂತಿರುವಾಗ ತಂಗಿ ಮೇಲೆ ಬದನೆ ಎಲೆಗೆ ಭೂತಗನ್ನಡಿ ಹಿಡಿದಿರುತ್ತಾಳೆ! ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಾಳೆ, ಬಿ.ಪಿ. ನೋಡುತ್ತಾಳೆ, ಇಲ್ಲವೆನ್ನಲಾರೆ. ಆದರೆ ಎರಡು ಮಾತು? ಒಂದು ತಾಸು ಹತ್ತಿರ ಕೂಡುವುದು? ಅದಕ್ಕೆ ಪುರಸೊತ್ತಿಲ್ಲ. ಈ ಮಾತನ್ನು ಒಂದು ದಿನ ಅವ್ವನ ಎದುರೇ ಅಂದೆ. ಅವ್ವ ನನ್ನ ಮೇಲೇ ರೇಗಿದಳು. "ಆಕಿ ತಂಟೆಕ ಹೋಗಬ್ಯಾಡ. ಆಕಿಗಿ ಸುಮ್ನ ಕುಂದರಾಕ ಬರಂಗಿಲ್ಲ, ಸಣ್ಣಾಕಿದ್ದಾಗಿಂದ ಹಂಗ."

ಇನ್ನು ಖಾನಾಪುರದ ಮದುವೆಯ ಕತೆ ಹೇಳಲೇಬೇಕು. ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅಲ್ಲೇ ಬೀಜ ಬಿದ್ದದ್ದು. ನಮ್ಮ ದೂರದ ನೆಂಟರ ಮದುವೆ. ಊಟದ ಪಂಕ್ತಿ ಕೂತಿದೆ. ಬಾಳೆ ಎಲೆ ಹಾಸಿದರು. ಎಲ್ಲರೂ ಎಲೆಗೆ ನೀರು ಚಿಮುಕಿಸಿದರೆ ನಮ್ಮ ಮೌಶಿ ಎಲೆ ಎತ್ತಿ ಬೆಳಕಿಗೆ ಹಿಡಿದಳು! ಚೀಲದಿಂದ ಭೂತಗನ್ನಡಿ ಹೊರಗೆ ಬಂತು. ಬಡಿಸುವವರು ಸಾರಿನ ಬಕೀಟು ಹಿಡಿದು ನಿಂತುಬಿಟ್ಟರು. ಎಲೆಯಲ್ಲಿ ಹುಳ ಕಂಡಿತೆಂದು ತಿಳಿದು ಪಕ್ಕದಲ್ಲಿದ್ದ ಬೀಗರೊಬ್ಬರು ಗಾಬರಿಯಾಗಿ ಎದ್ದೇಬಿಟ್ಟರು. ಹುಡುಗಿಯ ಕಾಕಾ ಓಡಿ ಬಂದರು.

"ಕಾಯ್ ಝಾಲಂ ಸಿಸ್ಟರ್? ಏನಾತ್ರಿ?"

"ಈ ಬಾಳಿ ಯಾರ ತ್ವಾಟದ್ದು? ಹಳೇ ಎಲಿ ಅಂಚು ನೋಡ್ರಿ, ಸುಟ್ಟಂಗ ಕಂದ ಆಗ್ಯಾವ. ಒಳಗ ಹಸರ, ಅಂಚಿಗಿ ಅಷ್ಟ ಸುಟ್ಟೈತಿ. ಇದು ಪೊಟ್ಯಾಶ್ ಕಡಿಮಿ ಬಿದ್ದದ್ದು. ಸಾಲಿ ಹುಡುಗೂರೂ ಹೇಳೂವಂಥಾ ಖೂನ, ಗುರತ ಇದು!"

"ಖರೇ ಐತ್ರಿ. ಆಧೀ ಜೇವಾ! ಮೊದಲ ಉಣ್ರಿ, ಆಮ್ಯಾಲ ನೋಡೂಣು" ಎಂದು ಕಾಕಾ ಕೈ ಮುಗಿದರು.

ಉಂಡಳೇ? ಮೊದಲು ತೋಟದವನ ಫೋನ್ ನಂಬರ್ ತೆಗೆದುಕೊಂಡಳು, ಆಮೇಲೆ ಉಂಡಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ನನ್ನ ಎಲೆಯ ಅಂಚನ್ನೇ ನೋಡುತ್ತ ಕೂತಿದ್ದೆ. ಸುಟ್ಟಂತೆ ಕಂದಾಗಿತ್ತು. ಹಳೇ ಎಲೆ, ಸುಟ್ಟ ಅಂಚು, ಪೊಟ್ಯಾಶ್. ಆ ಪಾಠ ನನಗೆ ಬಾಯಿಪಾಠವಾಗಿಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಭಾನುವಾರ ನಾಲ್ಕು ಗಂಟೆಗೆ, ವಿಜಿಟಿಂಗ್ ಟೈಮಿನಲ್ಲೇ, ತಾರಸಿಗೆ ಹೋದೆ. ಮೂಲೆಯಲ್ಲಿ ಏಳನೇ ಬೆಡ್ಡು. ಅದಕ್ಕೆ ಬೇರೆ ಬಕೀಟು, ಬೇರೆ ಮೋಟಾರು, ಬೇರೆ ಸಲಾಯಿನ್. ತುಂಬ ಪಾಲಕ. ಆ ಪಾಲಕದ ಅವಸ್ಥೆ ಏನು ಹೇಳಲಿ! ಬೇರೆ ಬೆಡ್ಡಿನ ಗಿಡಗಳಿಗಿಂತ ಗಿಡ್ಡ. ಕೆಳಗಿನ ಎಲೆಗಳ ಅಂಚೆಲ್ಲ ಸುಟ್ಟು ಕಂದಾಗಿ ಮುದುಡಿದೆ. ಒಳಗೆ ಹಸಿರು, ಅಂಚಿಗಷ್ಟೇ ಸುಟ್ಟಿದೆ. ನನಗೆ ರೋಮಾಂಚನವಾಯಿತು. ಖಾನಾಪುರದಲ್ಲಿ ಊಟದ ಪಂಕ್ತಿಯನ್ನೇ ಎಬ್ಬಿಸಿದವಳ ವಾರ್ಡಿನಲ್ಲೇ, ಆಕೆಯ ಮೂಗಿನ ಕೆಳಗೇ, ಅದೇ ಬೇನೆ!

"ಮೌಶಿ, ಏಳನೇ ಬೆಡ್ಡಿಗಿ ಪೊಟ್ಯಾಶ್ ಕಡಿಮಿ ಬಿದ್ದೈತಿ."

"ಗೊತ್ತೈತಿ."

"ಮತ್ತ ಯಾಕ ಕೊಡವಲ್ಲಿ?"

"ಅದು ಹಂಗ ಇರಬೇಕು. ಅದನ್ನ ಮುಟ್ಟಬ್ಯಾಡ."

ಇಷ್ಟೇ ಉತ್ತರ! ಸಾವಿರ ಮಾತಾಡುವವಳು ಮೂರು ಮಾತಿನಲ್ಲಿ ಮುಗಿಸಿ ಬದನೆಯ ಕಡೆ ತಿರುಗಿಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ತಪ್ಪು ಒಪ್ಪಿಕೊಳ್ಳಲಾರದ ಹಮ್ಮು ಎಂದರೆ ಇದೇ ಅಲ್ಲವೇ? ನನ್ನ ಅಂಗಿ, ನನ್ನ ಬಿಸಿನೀರು, ಆರಿದ ನನ್ನ ಊಟ ಎಲ್ಲ ಸೇರಿ ಆ ಒಂದು ಬೆಡ್ಡಿನ ಮೇಲೆ ಬಂದು ನಿಂತವು. ಈ ಪಾಲಕವನ್ನು ನಾನು ಬದುಕಿಸುತ್ತೇನೆ ಎಂದು ನಿಶ್ಚಯ ಮಾಡಿದೆ.

ಅವಕಾಶ ತಾನಾಗಿ ಒದಗಿತು. ಖಾನಾಪುರದಲ್ಲಿ ಇನ್ನೊಬ್ಬ ನೆಂಟರ ಹುಡುಗಿಯ ಹೆರಿಗೆ ಹತ್ತಿರ ಬಂದು ಮೌಶಿಯನ್ನು ಕರೆಸಿದರು. ಐದು ದಿನ ಹೋದಳು. ಹೋಗುವಾಗ ನನ್ನ ಹೆಂಡತಿಗೆ ಹೇಳಿದ್ದು ಒಂದೇ ಮಾತು, ಏಳನೇ ಬೆಡ್ಡಿನ ಬಕೀಟಿಗೆ ಬರೀ ನೀರು ಹಾಕಬೇಕು, ಬೇರೇನೂ ಬೇಡ. ಬಸ್ಸು ಸ್ಟ್ಯಾಂಡ್ ಬಿಟ್ಟಿರಬೇಕು, ಅಷ್ಟರಲ್ಲಿ ನಾನು ಗೊಬ್ಬರದ ಅಂಗಡಿಯಲ್ಲಿದ್ದೆ. ನೀರಲ್ಲಿ ಕರಗುವ ಪೊಟ್ಯಾಶಿನ ಬಿಳಿ ಪುಡಿ ತಂದೆ. ಅಳತೆ ನೋಡಿ, ಕಲಸಿ, ಬಕೀಟಿಗೆ ಸುರಿದೆ. ಕದ್ದು ಮಾಡುವ ಜಾತಿ ನನ್ನದಲ್ಲ, ಮಾಡಿದ್ದನ್ನು ದಾಖಲಿಸಬೇಕು. ಕೇಸ್ ಪೇಪರಿನ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 'ಪೊಟ್ಯಾಶ್ ಕೊಡಲಾಯಿತು' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಮೇಲೆ ಪೇಶಂಟಿನ ಹೆಸರಿನ ಜಾಗದಲ್ಲಿ ಮೌಶಿ ಏನೋ ಬರೆದಿದ್ದಳು. ಪಾಲಕ ಎಂದು ಕಣ್ಣಿಗೇ ಕಾಣುತ್ತಿರುವಾಗ ಅದನ್ನು ಓದುವುದೇನು? ಓದಲಿಲ್ಲ.

ಐದು ದಿನದಲ್ಲಿ ಎಂಥ ಚಮತ್ಕಾರ! ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಸರಿ. ಆದರೆ ಒಳಗಿನಿಂದ ಹೊರಟ ಎಲೆಗಳು ಅಗಲಕ್ಕೆ, ಕಡು ಹಸಿರಿಗೆ, ಒಂದೂ ಕಲೆಯಿಲ್ಲದೆ ಅರಳಿದವು. ನಾನು ದಿನಕ್ಕೆ ಮೂರು ಸಲ ರೌಂಡ್ಸ್ ಮಾಡಿದೆ. ಭೂತಗನ್ನಡಿ ಇಲ್ಲದಿದ್ದರೂ ಎಲೆ ಮಗುಚಿ "ಹ್ಞೂಂ" ಅಂದೆ. ಖರೇ ಹೇಳುತ್ತೇನೆ, ಬಹಳ ಸುಖವಿತ್ತು.

ಮೌಶಿ ಬಂದಳು. ಕೈಕಾಲು ತೊಳೆದವಳೇ ಮೇಲೆ ಹೋದಳು. ನಾನು ಬೆನ್ನಿಗೇ ಹೋದೆ, ಆ ಮುಖವನ್ನು ನೋಡಬೇಕಿತ್ತಲ್ಲ! ಏಳನೇ ಬೆಡ್ಡಿನ ಮುಂದೆ ನಿಂತಳು. ಎಲೆ ನೋಡಿದಳು. ಕೇಸ್ ಪೇಪರ್ ನೋಡಿದಳು, ನನ್ನ ಸಹಿ ನೋಡಿದಳು. ಆಮೇಲೆ ಬೋರಲು ಹಾಕಿದ್ದ ಒಂದು ಬಕೀಟಿನ ಮೇಲೆ ಮೆಲ್ಲಗೆ ಕೂತುಬಿಟ್ಟಳು.

"ನೋಡಿದೇನ ಮೌಶಿ? ಹೆಂಗ ಎದ್ದಾವ!" ಎಂದೆ.

ಬೈಯಲಿಲ್ಲ. ಖೋಡಿ ಅನ್ನಲಿಲ್ಲ. ಸುಮ್ಮನೆ ಕೂಡಲು ಬರದ ಹೆಂಗಸು ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಒಂದು ಹಿಡಿ ಪಾಲಕ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು, "ಗಾಡಿ ತಗಿ, ಒಂದ ಕಡೆ ಹೋಗೂದೈತಿ" ಎಂದಳು.

ಊರ ಹೊರಗೆ ಮಣ್ಣು, ನೀರು, ಎಲೆ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯ. ಕಿಟಕಿಯ ಹಿಂದೆ ಚಸ್ಮಾ ಹಾಕಿದ ಮಧ್ಯವಯಸ್ಸಿನವರೊಬ್ಬರು ಮೌಶಿಯನ್ನು ಕಂಡದ್ದೇ ಎದ್ದು ನಿಂತರು.

"ಬರ್ರಿ ಸಿಸ್ಟರ್, ಕುಂದರ್ರಿ. ಮೂರನೇ ಬೆಳಿ ತಂದ್ರೇನ್ರಿ? ಹ್ವಾದ ಸಲ ಭಾಳ ಹತ್ತರ ಬಂದಿತ್ತು. ಈ ಸಲ ಪೊಟ್ಯಾಶಿಯಂ ಪಕ್ಕಾ ಇಳದಿರತೈತಿ ನೋಡ್ರಿ. ಅಕ್ಕಾರಿಗಿ ಪಲ್ಯ ಉಣಸೂದೊಂದ ಬಾಕಿ!"

"ಈ ಸಲ ಇಳದಿಲ್ರಿ" ಎಂದಳು ಮೌಶಿ. "ಇರಲಿ, ಎಷ್ಟ ಏರೈತಿ ನೋಡಿಬಿಡ್ರಿ. ಎಷ್ಟ ದಿನಕ್ಕ ಎಷ್ಟ ಹೀರತೈತಿ ಅಂತ ಗೊತ್ತಾದ್ರ ಮುಂದಿನ ಸಲಕ್ಕ ಅನುಕೂಲ."

ನಾನು ಆಕೆಯ ಪಕ್ಕದಲ್ಲೇ ನಿಂತಿದ್ದೆ. ಅವರು ಯಾವ ಅಕ್ಕನ ಮಾತಾಡುತ್ತಿದ್ದಾರೆ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ದಾರಿಯಲ್ಲಿ ಗಾಡಿ ನಿಲ್ಲಿಸಿ ಕೇಳಿದೆ. ಆಗ ಹೇಳಿದಳು. ಕಿಡ್ನಿಗೆ ಭಾರವಾಗುವುದು ತಪ್ಪಲದಲ್ಲಿರುವ ಪೊಟ್ಯಾಶಿಯಂ, ಅಂದರೆ ಗಿಡ ಹೀರುವ ಈ ಪೊಟ್ಯಾಶೇ. ಮಣ್ಣಿನಲ್ಲಿ ಬೆಳೆದರೆ ಅದನ್ನು ತಡೆಯಲಾಗುವುದಿಲ್ಲ. ನೀರಿನಲ್ಲಿ ಬೆಳೆದರೆ ಕೊಡುವುದೂ ಬಿಡುವುದೂ ನಮ್ಮ ಕೈಯಲ್ಲಿ. ಕೊನೆಯ ಎರಡು ವಾರ ಪೊಟ್ಯಾಶ್ ನಿಲ್ಲಿಸಿದರೆ ಎಲೆ ಸೊರಗುತ್ತದೆ, ಅಂಚು ಸುಡುತ್ತದೆ, ಆದರೆ ಸಾಯುವುದಿಲ್ಲ. ರಿಪೋರ್ಟು ತಂದು ತೋರಿಸಿದರೆ, ಇಳಿದಿದ್ದರೆ, ಒಂದು ಹಿಡಿ ಕೊಡಬಹುದು ಎಂದು ಡಾಕ್ಟರು ಒಪ್ಪಿದ್ದಾರೆ. ಆ ಒಂದು ಹಿಡಿಗಾಗಿ ಪೈಪು, ಮೋಟಾರು, ಬದನೆ, ಟೊಮೇಟೊ, ನನ್ನ ತಣ್ಣೀರು ಸ್ನಾನ! ಉಳಿದ ಬೆಡ್ಡುಗಳೆಲ್ಲ ಆಕೆ ಕೈ ಪಳಗಿಸಿಕೊಂಡ ಬೆಡ್ಡುಗಳು.

"ನನಗಾದರೂ ಹೇಳಬಾರದಾಗಿತ್ತೇನ?"

"ನಿನಗ ಹೇಳಿದ್ರ ಅಕ್ಕಗ ಗೊತ್ತಾಗತಿತ್ತು. ಆಸೆ ಹಚ್ಚಿ, ಆಮ್ಯಾಲ ರಿಪೋರ್ಟ್ ಬರೋಬ್ಬರಿ ಬರಲಿಲ್ಲ ಅಂದ್ರ? ಎರಡ ಸಲ ಬಂದಿಲ್ಲ."

ನನಗೆ ಅಳುವುದಕ್ಕೂ ನಾಚಿಕೆಯಾಯಿತು. ಮೌಶಿ ನನ್ನ ಬೆನ್ನು ತಟ್ಟಿದಳು. "ಇರಲಿ ಬಿಡೋ ತಮ್ಮಾ. ಖೂನ ಬರೋಬ್ಬರಿ ಹಿಡದಿ. ಔಷಧಾನೂ ಬರೋಬ್ಬರಿ ಕೊಟ್ಟಿ. ಪೇಶಂಟ್ ಯಾರು ಅನ್ನೂದೊಂದ ನೋಡಲಿಲ್ಲ."

ಮನೆಗೆ ಬಂದು ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಮೇಲಿನ ಹಾಳೆ ಓದಿದ್ದು. ಪೊಟ್ಯಾಶಿಯಂ ಎಂಬ ಶಬ್ದ ಮೊದಲ ಸಾಲಿನಲ್ಲೇ ಇತ್ತು. ಎರಡು ವರ್ಷ ದಿನಾ ಬೆಳಿಗ್ಗೆ ಹಾಲು ತೆಗೆಯಲು ಆ ಬಾಗಿಲು ತೆರೆದವನು ನಾನೇ. ಆಮೇಲೆ ತಾರಸಿಗೆ ಹೋಗಿ ಏಳನೇ ಬೆಡ್ಡಿನ ಕೇಸ್ ಪೇಪರ್ ಎತ್ತಿಕೊಂಡೆ. ಬೇರೆ ಬೆಡ್ಡುಗಳಲ್ಲಿ ಬದನಿ, ಟೊಮೇಟೊ, ಮೆಣಸಿನಕಾಯಿ ಎಂದಿರುವ ಜಾಗದಲ್ಲಿ, ನಾನು ಓದದೆ ಬಿಟ್ಟ ಜಾಗದಲ್ಲಿ, ದುಂಡಗೆ 'ಅಕ್ಕ' ಎಂದು ಬರೆದಿತ್ತು. ಅದರ ಕೆಳಗೆ ನನ್ನ ಸಹಿ.

ನಾಲ್ಕನೇ ಬೆಳೆಗೆ ಬೀಜ ಹಾಕಿದವನು ನಾನು. ಕಾವಲು ಕಾದವನೂ ನಾನೇ. ತಪ್ಪಿ ಮೇಲೆ ಬಂದ ಹೆಂಡತಿಯನ್ನು "ವಿಜಿಟಿಂಗ್ ಟೈಮ್ ನಾಕರಿಂದ ಆರು" ಎಂದು ಕೆಳಗೆ ಅಟ್ಟಿದೆ. ಎಲೆಯ ಅಂಚು ಸುಡಲು ಶುರುವಾದ ದಿನ ನಾನೂ ಮೌಶಿಯೂ ಪಕ್ಕಪಕ್ಕ ಕೂತು ಅದನ್ನು ನೋಡಿದೆವು. ಎಲೆ ಸುಟ್ಟಿದ್ದಕ್ಕೆ ಯಾರಾದರೂ ಅಷ್ಟು ಖುಷಿಪಟ್ಟಿದ್ದನ್ನು ನಾನು ಕಂಡಿಲ್ಲ. ರಿಪೋರ್ಟು ಬಂತು. ಡಾಕ್ಟರು ನೋಡಿ, ಒಂದು ಹಿಡಿ, ವಾರಕ್ಕೊಮ್ಮೆ, ಎಂದರು.

ಅವತ್ತು ಮಧ್ಯಾಹ್ನ ಮೌಶಿಯೇ ಒಲೆಯ ಮುಂದೆ ನಿಂತಳು. ಬೆಳ್ಳುಳ್ಳಿ ಒಗ್ಗರಣೆ, ಹಿಂಡದ, ಬಸಿಯದ ಪಾಲಕ. ಅವ್ವನ ತಾಟಿಗೆ ಬಡಿಸಿ ಎದುರಿಗೆ ಕೂತಳು. ಅವ್ವ ಬಗ್ಗಿ ನೋಡಿದಳು.

"ಇದೇನ, ಅಂಚೆಲ್ಲ ಸುಟ್ಟಾವ? ಇಷ್ಟ ದೊಡ್ಡ ದವಾಖಾನಿ ಇಟ್ಟಿ, ನಿನಗ ಒಂದ ಛಲೋ ಪಾಲಕ ಬೆಳಿಯಾಕ ಬರಲಿಲ್ಲೇನ?"

ಎಲೆಯ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಹತ್ತು ಅನ್ನುವವಳು ಮೌಶಿ. "ಬರಲಿಲ್ಲ ಅಕ್ಕಾ. ಉಣ್ಣು" ಎಂದಳು, ಅಷ್ಟೇ.

ಅವ್ವ ತುತ್ತು ಮುರಿದು ಬಾಯಿಗಿಟ್ಟಳು. ಎರಡನೇ ತುತ್ತಿಗೆ ಗೊಣಗುವುದು ನಿಂತಿತು. ಅರ್ಧ ರೊಟ್ಟಿ ಮುಗಿಯಿತು. ತಾಟಿನಿಂದ ತಲೆ ಎತ್ತದೆ, "ಇನ್ನರ್ಧ ಹಾಕು" ಎಂದು ಕೈ ಚಾಚಿದಳು. ಮೌಶಿ ರೊಟ್ಟಿ ಮುರಿದು ಹಾಕಿ, ಅವ್ವ ಉಂಡು ಮುಗಿಸುವವರೆಗೂ ಅಲ್ಲೇ ಎದುರಿಗೆ ಕೂತಿದ್ದಳು.